ಸಿಹಿ-ಹುಳಿ ಹಣ್ಣಿನ ಡಿಪ್: ಯಾವ ತಿಂಡಿಗೆ ಯಾವುದು ಸರಿ?

ಸ್ಟಾರ್ಟರ್ ಜೊತೆ ನಂಜಿಕೊಳ್ಳಲು ಹಣ್ಣಿನ ಸಾಸ್ ಮಾಡೋಣ ಅಂದ ಕೂಡಲೇ ಬರುವ ಪ್ರಶ್ನೆ 'ಯಾವ ಹಣ್ಣು ತರೋಣ?' ಅಂತ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ತಟ್ಟೆಯಲ್ಲಿ ಯಾವ ತಿಂಡಿ ಇದೆ ಅಂತ ಮೊದಲು ನೋಡಿ. ತಿಂಡಿಯಲ್ಲಿ ಇಲ್ಲದ್ದನ್ನು ಸಾಸ್ ತಂದುಕೊಡಬೇಕು. ಎಣ್ಣೆ ಜಾಸ್ತಿ ಇದ್ದರೆ ಹುಳಿ ಬೇಕು. ಸಪ್ಪೆ ಇದ್ದರೆ ಉಪ್ಪು-ಖಾರ ಬೇಕು. ತಿಂಡಿಯೇ ಉಪ್ಪುಪ್ಪಾಗಿದ್ದರೆ ಸಿಹಿ ಮುಂದೆ ಬರಬೇಕು. ಇಷ್ಟು ತೀರ್ಮಾನವಾದರೆ ಹಣ್ಣಿನ ಆಯ್ಕೆ ಅರ್ಧ ಮುಗಿದ ಹಾಗೆ.

ತಿಂಡಿ ಏನು ಕೇಳುತ್ತದೆ?

ಕರಿದದ್ದರಿಂದ ಶುರು ಮಾಡೋಣ. ಸ್ಪ್ರಿಂಗ್ ರೋಲ್, ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ, ಸೀಗಡಿ, ಚಿಕನ್ ತುಂಡು, ಇವೆಲ್ಲ ಒಂದೇ ಗುಂಪು. ಇಲ್ಲಿ ಉಳಿಸಿಕೊಳ್ಳಬೇಕಾದ್ದು ಗರಿಗರಿ. ಸಾಸ್ ನೀರಾಗಿದ್ದರೆ ಹೊರಪದರದೊಳಗೆ ಇಳಿದು ಕಚ್ಚುವ ಮೊದಲೇ ಮೆತ್ತಗೆ ಮಾಡಿಬಿಡುತ್ತದೆ. ಹಾಗಾಗಿ ಅದು ಮೇಲೆಯೇ ಕೂರುವಷ್ಟು ಗಟ್ಟಿ ಇರಬೇಕು. ಚಮಚದ ಬೆನ್ನಿಗೆ ಸಾಸ್ ಅಂಟಬೇಕು, ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ಉಳಿಯಬೇಕು. ಆ ಹದ ಸಾಕು. ಹುಳಿ ಮಾತ್ರ ಧಾರಾಳವಾಗಿರಲಿ, ಎಣ್ಣೆಯ ಜಿಡ್ಡನ್ನು ಮುರಿಯುವುದು ಅದೇ. ಅನಾನಸ್, ಪ್ಲಮ್, ಏಪ್ರಿಕಾಟ್ ಈ ಜಾಗಕ್ಕೆ ಹೇಳಿ ಮಾಡಿಸಿದವು.

ಹಬೆಯಲ್ಲಿ ಬೇಯಿಸಿದ ಡಂಪ್ಲಿಂಗ್ ತರಹದ ತಿಂಡಿಗೆ ಗರಿಗರಿಯ ಚಿಂತೆ ಇಲ್ಲ. ಸಾಸ್ ತೆಳ್ಳಗಿದ್ದರೂ ನಡೆಯುತ್ತದೆ. ಆದರೆ ಬೆಂದ ಹಿಟ್ಟು ಸಪ್ಪೆ, ಹಾಗಾಗಿ ಉಪ್ಪು, ಶುಂಠಿ, ಖಾರ ಒಂದು ಕೈ ಮುಂದಿರಲಿ.

ಕೆಂಡದ ಮೇಲೆ ಸುಟ್ಟ ಮಾಂಸ ಅಥವಾ ತರಕಾರಿಯಲ್ಲಿ ಆಗಲೇ ಹೊಗೆಯ ಘಮ ಇರುತ್ತದೆ, ಅಂಚಿನಲ್ಲಿ ಸ್ವಲ್ಪ ಕಹಿಯೂ ಇರುತ್ತದೆ. ಅದಕ್ಕೆ ದುಂಡನೆಯ ಸಿಹಿ ಬೇಕು. ಪೀಚ್, ಮಾವು, ಏಪ್ರಿಕಾಟ್ ಚೆನ್ನಾಗಿ ಹೊಂದುತ್ತವೆ. ಅದೇ ಸಾಸನ್ನು ಸುಡುವಾಗ ಮೇಲೆ ಸವರಬೇಕು ಅಂತಿದ್ದರೆ ಕೊನೆಯ ಒಂದೆರಡು ನಿಮಿಷದಲ್ಲಿ ಸವರಿ. ಮೊದಲೇ ಹಚ್ಚಿದರೆ ತಿಂಡಿ ಬೇಯುವ ಮುಂಚೆ ಸಕ್ಕರೆ ಕರಕಲಾಗುತ್ತದೆ.

ಚೀಸ್ ಮತ್ತು ಕ್ರ್ಯಾಕರ್‌ಗೆ ಜಾಮ್‌ನಷ್ಟು ಗಟ್ಟಿ ಇರಲಿ. ಕ್ರ್ಯಾನ್‌ಬೆರಿ ಅಥವಾ ಪ್ಲಮ್ ಒಳ್ಳೆಯದು. ಬಲಿತ, ಉಪ್ಪು ಜಾಸ್ತಿ ಇರುವ ಚೀಸ್ ಆದರೆ ಸಿಹಿ ಒಂದು ಕೈ ಮುಂದಿರಲಿ. ಮೆತ್ತಗಿನ ತಾಜಾ ಚೀಸ್‌ನಲ್ಲಿ ಅದರದೇ ಹುಳಿ ಇರುತ್ತದೆ. ಅಲ್ಲಿ ವಿನೆಗರ್ ಕಡಿಮೆ ಮಾಡಿ.

ಹಸಿಯಾಗಿ, ಬೇಯಿಸಿ, ಅಥವಾ ಜಾಮ್‌ನಿಂದ

ನಿಜವಾದ ಆಯ್ಕೆ ಇರುವುದು ಇಲ್ಲಿ. ಒಂದೇ ಹಣ್ಣನ್ನು ಹಸಿಯಾಗಿ ರುಬ್ಬಿದರೆ ಒಂದು ರುಚಿ, ಬೇಯಿಸಿದರೆ ಪೂರ್ತಿ ಬೇರೆಯೇ ರುಚಿ. ಹಣ್ಣಿಗಿಂತ ವಿಧಾನದಿಂದಲೇ ಜಾಸ್ತಿ ವ್ಯತ್ಯಾಸ ಬೀಳುತ್ತದೆ ಅಂತ ನನ್ನ ಲೆಕ್ಕ.

ಹಸಿ ಸಾಸ್‌ನಲ್ಲಿ ಹಣ್ಣಿನ ಘಮ ಹಾಗೇ ಉಳಿಯುತ್ತದೆ. ಒಲೆ ಬೇಡ, ಹತ್ತು ನಿಮಿಷದ ಕೆಲಸ. ದೊಡ್ಡದೊಂದು ಮಾಗಿದ ಮಾವಿನಹಣ್ಣಿನ ತಿರುಳು, 2 ಟೇಬಲ್ ಚಮಚ ನಿಂಬೆರಸ, ಕಾಲು ಟೀ ಚಮಚ ಉಪ್ಪು, ಒಂದು ಸಣ್ಣ ಹಸಿ ಮೆಣಸಿನಕಾಯಿ. ಇಷ್ಟನ್ನು ರುಬ್ಬಿ, ರುಚಿ ನೋಡಿ, ಬೇಕಿದ್ದರೆ ಮಾತ್ರ ಸಿಹಿ ಸೇರಿಸಿ. ಇದರ ಕಷ್ಟ ಎರಡು. ಒಂದು, ಹಣ್ಣು ನಿಜವಾಗಿ ಮಾಗಿರಲೇಬೇಕು, ಒಗರನ್ನು ಮುಚ್ಚಿಡಲು ಇಲ್ಲಿ ಬೇರೇನೂ ಇಲ್ಲ. ಎರಡು, ಇದು ಬೇಗ ಸೊರಗುತ್ತದೆ. ಬೆಳಿಗ್ಗೆ ಮಾಡಿಟ್ಟರೆ ಸಂಜೆಗೆ ಮೇಲೆ ನೀರು ಬಿಟ್ಟುಕೊಂಡಿರುತ್ತದೆ, ಆ ಮೊದಲಿನ ಘಮವೂ ಇರುವುದಿಲ್ಲ.

ಹಸಿ ಅನಾನಸ್ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಇದೆ, ಅದು ಪ್ರೋಟೀನನ್ನು ಒಡೆಯುತ್ತದೆ. ಹಸಿ ಅನಾನಸ್ ತಿಂದರೆ ನಾಲಿಗೆ ಚುರುಚುರು ಅನ್ನುವುದರಲ್ಲಿ ಅದರ ಪಾಲೂ ಇದೆ. ಡಿಪ್ ಕೆನೆಯಂತಿರಲಿ ಅಂತ ಇದಕ್ಕೆ ಮೊಸರು ಸೇರಿಸಿದರೆ ಸ್ವಲ್ಪ ಹೊತ್ತಿನಲ್ಲೇ ಕಹಿಯಾಗುತ್ತದೆ. ಕಿವಿ ಹಣ್ಣು, ಪಪ್ಪಾಯಿ ಕೂಡ ಇದೇ ಜಾತಿಯ ಕೆಲಸ ಮಾಡುತ್ತವೆ. ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ, ತೊಂದರೆ ಮುಗಿಯಿತು. ಡಬ್ಬಿಯ ಅನಾನಸ್ ಆಗಲೇ ಬಿಸಿ ಕಂಡಿರುವುದರಿಂದ ಅದನ್ನು ಧೈರ್ಯವಾಗಿ ಮೊಸರಿಗೆ ಹಾಕಬಹುದು.

ಬೇಯಿಸಿದ ಸಾಸ್‌ಗೆ ಸಮಯ ಬೇಕು. ಆದರೆ ಹಣ್ಣು ಅರೆಬರೆ ಹಣ್ಣಾಗಿದ್ದರೂ ಅದು ಸಾವರಿಸಿಕೊಳ್ಳುತ್ತದೆ. ನಂಬಿಕೆಗೆ ಅರ್ಹವಾದ ವಿಧಾನ ಇದೇ. ಪ್ಲಮ್ ತೆಗೆದುಕೊಳ್ಳಿ, ಅರ್ಧ ಕಿಲೋ. ಬೀಜ ತೆಗೆಯಿರಿ, ಸಿಪ್ಪೆ ಮಾತ್ರ ತೆಗೆಯಬೇಡಿ. ಪ್ಲಮ್‌ನ ತಿರುಳು ಬರೀ ಸಿಹಿ, ಹುಳಿ ಮತ್ತು ಬಣ್ಣ ಹೆಚ್ಚಾಗಿ ಇರುವುದು ಸಿಪ್ಪೆಯ ಹತ್ತಿರ. ಕಾಲು ಕಪ್ ನೀರು, 6 ಟೇಬಲ್ ಚಮಚ ಸಕ್ಕರೆ, ಒಂದು ಟೀ ಚಮಚ ತುರಿದ ಶುಂಠಿ, ಅರ್ಧ ಟೀ ಚಮಚ ಉಪ್ಪು, ಅಷ್ಟೇ ಮೆಣಸಿನ ಚೂರು. ಎಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಇಡಿ. ಮೊದಲ ಐದು ನಿಮಿಷ ಏನೂ ಆಗದಂತೆ ಕಾಣುತ್ತದೆ. ತುಂಡುಗಳು ತಿಳಿ ನೀರಿನಲ್ಲಿ ಸುಮ್ನೆ ತೇಲುತ್ತಿರುತ್ತವೆ. ಆಮೇಲೆ ಹಳದಿ ತಿರುಳು ಕರಗಲು ಶುರುವಾಗಿ ಸಿಪ್ಪೆ ಸುರುಳಿ ಸುತ್ತಿಕೊಂಡು ಕಳಚುತ್ತದೆ. ಬಣ್ಣ ಮೊದಲು ತಿಳಿಗುಲಾಬಿ, ಹದಿನೈದನೇ ನಿಮಿಷದ ಹೊತ್ತಿಗೆ ಕಡುಗೆಂಪು. ಗುಳ್ಳೆಗಳೂ ಬದಲಾಗುತ್ತವೆ. ಶುರುವಿನಲ್ಲಿ ಸಣ್ಣಗೆ ಚಟಪಟ ಅನ್ನುತ್ತಿದ್ದವು ಕೊನೆಗೆ ದೊಡ್ಡದಾಗಿ, ನಿಧಾನವಾಗಿ, ಬುಳುಕ್ ಬುಳುಕ್ ಅಂತ ಒಡೆಯುತ್ತವೆ. ಆಗ ಸಾಸ್ ಕೈಗೆ ಸಿಡಿಯುತ್ತದೆ, ಮುಚ್ಚಳ ಅರ್ಧ ಮುಚ್ಚಿ ಕೈಯಾಡಿಸಿ. ಇಳಿಸಿ, ಸ್ವಲ್ಪ ಆರಿದ ಮೇಲೆ ರುಬ್ಬಿ, 2 ಟೇಬಲ್ ಚಮಚ ವಿನೆಗರ್ ಬೆರೆಸಿ. ಸಿಪ್ಪೆಯ ನಾರು ಬೇಡವಾದರೆ ಜರಡಿ ಹಿಡಿಯಿರಿ. ನಾನು ಹಿಡಿಯುವುದಿಲ್ಲ.

ಪಾತ್ರೆ ಸ್ಟೀಲಿನದ್ದಾಗಿರಲಿ. ಬರೀ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಬಾಣಲೆಯಲ್ಲಿ ಹುಳಿ ಪದಾರ್ಥ ಕುದಿಸಿದರೆ ಲೋಹದ ವಾಸನೆ ಬರುತ್ತದೆ.

ಮೂರನೆಯದು ಜಾಮ್ ದಾರಿ. ಇದನ್ನು ಕೆಲವರು ಮೋಸ ಅನ್ನುತ್ತಾರೆ, ಅನ್ನಲಿ ಬಿಡಿ. ಜಾಮ್ ಅಂದರೆ ಆಗಲೇ ಬೇಯಿಸಿ ಗಟ್ಟಿ ಮಾಡಿದ ಹಣ್ಣು ಮತ್ತು ಸಕ್ಕರೆ, ಅದಕ್ಕೆ ಬೇಕಿರುವುದು ಹುಳಿ ಮತ್ತು ಉಪ್ಪು ಮಾತ್ರ. ಅರ್ಧ ಕಪ್ ಏಪ್ರಿಕಾಟ್ ಜಾಮ್, 2 ಟೇಬಲ್ ಚಮಚ ವಿನೆಗರ್, ಒಂದು ಚಮಚ ಬಿಸಿನೀರು, ಒಂದು ಟೀ ಚಮಚ ಸಾಸಿವೆ ಪೇಸ್ಟ್, ಎರಡು ಚಿಟಿಕೆ ಉಪ್ಪು. ಬೆಚ್ಚಗೆ ಮಾಡಿ ಕಲಕಿದರೆ ಐದೇ ನಿಮಿಷ. ತೊಂದರೆ ಏನೆಂದರೆ ಸಕ್ಕರೆ ನಿಮ್ಮ ಕೈಯಲ್ಲಿಲ್ಲ. ಜಾಮ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ ಇರುತ್ತದೆ. ಎಷ್ಟು ಹುಳಿ ಹಾಕಿದರೂ ಕೊನೆಯಲ್ಲಿ ಸಿಹಿ ಮುಂದಾಗುತ್ತದೆ. ಮಕ್ಕಳು ಜಾಸ್ತಿ ಇರುವ ಕೂಟಕ್ಕೆ ಅದೇ ಅನುಕೂಲ ಅಲ್ವಾ? ಕಿತ್ತಳೆ ಸಿಪ್ಪೆಯ ಮಾರ್ಮಲೇಡ್ ಸಿಕ್ಕರೆ ಇನ್ನೂ ವಾಸಿ. ಅದರ ಸಣ್ಣ ಕಹಿ ಈ ಸಿಹಿಯನ್ನು ಹಿಡಿತದಲ್ಲಿಡುತ್ತದೆ.

ಈಗ ಹಣ್ಣುಗಳ ಸರದಿ

ಅನಾನಸ್‌ನಲ್ಲಿ ಸಿಹಿ, ಹುಳಿ ಎರಡೂ ಹುಟ್ಟಿನಿಂದಲೇ ಇವೆ. ಆದರೆ ಬೇಯಿಸಿದರೂ ನಾರು ಕರಗುವುದಿಲ್ಲ, ತಾನಾಗಿ ಗಟ್ಟಿಯೂ ಆಗುವುದಿಲ್ಲ. ಅದಕ್ಕೆ ಕಾರ್ನ್‌ಫ್ಲೋರ್ ಬೇಕೇ ಬೇಕು. ಪ್ಲಮ್ ಮತ್ತು ಕ್ರ್ಯಾನ್‌ಬೆರಿಯಲ್ಲಿ ಪೆಕ್ಟಿನ್, ಅಂದರೆ ರಸವನ್ನು ಗಟ್ಟಿ ಮಾಡುವ ಹಣ್ಣಿನದೇ ಅಂಶ, ಚೆನ್ನಾಗಿರುತ್ತದೆ, ತಣ್ಣಗಾಗುತ್ತಾ ತಾವೇ ಗಟ್ಟಿಯಾಗುತ್ತವೆ. ಕ್ರ್ಯಾನ್‌ಬೆರಿಗೆ ಸಕ್ಕರೆ ಮಾತ್ರ ಕೈಬಿಚ್ಚಿ ಹಾಕಬೇಕು, ಅದರ ಹುಳಿ-ಒಗರು ಅಷ್ಟು ಜೋರು. ಸೇಬಿನಲ್ಲೂ ಪೆಕ್ಟಿನ್ ಜಾಸ್ತಿ, ಆದರೆ ಅದರದೇ ರುಚಿ ಮೆದು. ಹಾಗಾಗಿ ಸೇಬನ್ನು ಮುಖ್ಯ ಹಣ್ಣಾಗಿ ಬಳಸುವುದಕ್ಕಿಂತ ಪೀಚ್ ಅಥವಾ ಸ್ಟ್ರಾಬೆರಿಯ ಜೊತೆ ಒಂದು ತುರಿದು ಹಾಕಿ. ಕಾರ್ನ್‌ಫ್ಲೋರ್ ಇಲ್ಲದೆಯೇ ಸಾಸ್ ಮೈತುಂಬಿಕೊಳ್ಳುತ್ತದೆ.

ಮಾವು ಹಸಿಗೂ ಸೈ, ಒಲೆಗೂ ಸೈ. ಒಂದೇ ಷರತ್ತು, ಜಾಸ್ತಿ ಹೊತ್ತು ಬೇಯಿಸಬೇಡಿ. ಆ ಘಮಕ್ಕೇ ಅಲ್ವಾ ನಾವು ಮಾವು ಆರಿಸಿದ್ದು? ಐದು ನಿಮಿಷ ಸಾಕು. ಪೀಚ್ ಕೂಡ ಹೆಚ್ಚುಕಡಿಮೆ ಹಾಗೇ.

ಸ್ಟ್ರಾಬೆರಿ ಡಿಪ್ ಅಂದರೆ ನನಗೆ ಅಷ್ಟಕ್ಕಷ್ಟೇ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಉಪ್ಪು, ಬೆಳ್ಳುಳ್ಳಿ, ಖಾರ ಬಿದ್ದ ಮೇಲೂ ಅದರ ವಾಸನೆ ಸಿಹಿತಿಂಡಿಯನ್ನೇ ನೆನಪಿಸುತ್ತದೆ. ಮಾಡಲೇಬೇಕೆಂದರೆ ಕಾಳುಮೆಣಸು ಮತ್ತು ಬಾಲ್ಸಾಮಿಕ್ ವಿನೆಗರ್ ಹಾಕಿ ಚೀಸ್ ಜೊತೆಗಿಡಿ. ಕರಿದ ಚಿಕನ್ ಪಕ್ಕದಲ್ಲಿ ಬೇಡ.

ತಾಜಾ ಹಣ್ಣೇ ಆಗಬೇಕೇ? ಬೇಯಿಸುವುದಾದರೆ ಬೇಕಿಲ್ಲ. ಹೆಪ್ಪುಗಟ್ಟಿಸಿದ ಹಣ್ಣಿನಲ್ಲಿ ಮಂಜಿನ ಹರಳುಗಳು ಕೋಶಗಳನ್ನು ಆಗಲೇ ಒಡೆದಿರುತ್ತವೆ, ಒಲೆಯ ಮೇಲಿಟ್ಟರೆ ಬೇಗ ರಸ ಬಿಡುತ್ತದೆ. ಮೇಲೆ ಬೇರೆ ನೀರು ಹಾಕಬೇಡಿ ಅಷ್ಟೇ. ಡಬ್ಬಿಯ ಹಣ್ಣಾದರೆ ಸಕ್ಕರೆ ಪಾಕದಲ್ಲಿರುವುದಕ್ಕಿಂತ ತನ್ನ ರಸದಲ್ಲೇ ಇರುವುದನ್ನು ಆರಿಸಿ. ಆ ರಸ ಚೆಲ್ಲಬೇಡಿ, ಸಾಸ್‌ಗೆ ಅದೇ ನೀರು.

ಹುಳಿ ಯಾವುದು, ಯಾವಾಗ

ವಿನೆಗರ್‌ನಲ್ಲಿರುವುದು ಅಸಿಟಿಕ್ ಆಮ್ಲ, ಸಾಮಾನ್ಯವಾಗಿ ಶೇಕಡಾ 5ರ ಆಸುಪಾಸು. ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ಹುಳಿಯ ಜೋರು ಹೆಚ್ಚುಕಡಿಮೆ ಒಂದೇ, ನಡವಳಿಕೆ ಮಾತ್ರ ಬೇರೆ. ಅಸಿಟಿಕ್ ಆಮ್ಲ ಆವಿಯಾಗುತ್ತದೆ, ಅದಕ್ಕೇ ವಿನೆಗರ್‌ನ ಹುಳಿ ನಾಲಿಗೆಗಿಂತ ಮೊದಲು ಮೂಗಿಗೆ ತಾಗುತ್ತದೆ. ಕರಿದ ತಿಂಡಿಗೆ ಆ ಚುರುಕು ಬೇಕು. ಸಿಟ್ರಿಕ್ ಆಮ್ಲಕ್ಕೆ ವಾಸನೆಯೇ ಇಲ್ಲ. ನಿಂಬೆಯಲ್ಲಿ ನಮಗೆ ಬರುವ ಘಮ ಅದರ ಎಣ್ಣೆಯದ್ದು, ಅದು ಬಿಸಿಗೆ ಹಾರಿಹೋಗುತ್ತದೆ. ನಿಂಬೆರಸ ಹಾಕಿ ಕುದಿಸಿದರೆ ಹುಳಿ ಉಳಿಯುತ್ತದೆ, ನಿಂಬೆ ಉಳಿಯುವುದಿಲ್ಲ. ಹಾಗಾಗಿ ಒಲೆ ಆರಿಸಿದ ಮೇಲೆಯೇ ನಿಂಬೆ.

ಹಸಿ ಸಾಸ್‌ಗೆ ನಿಂಬೆ, ಬೇಯಿಸಿದ್ದಕ್ಕೆ ವಿನೆಗರ್. ಕಣ್ಣುಮುಚ್ಚಿ ಆರಿಸುವುದಾದರೆ ಇದೇ ಸೂತ್ರ. ವಿನೆಗರ್‌ಗಳಲ್ಲಿ ಅಕ್ಕಿಯದ್ದು ಮೆದು, ಮಾವು-ಪೀಚ್‌ಗೆ ಒಳ್ಳೆಯದು. ಸೇಬಿನದ್ದು ಪ್ಲಮ್ ಮತ್ತು ಏಪ್ರಿಕಾಟ್‌ಗೆ. ಬಿಳಿ ವಿನೆಗರ್ ಒರಟು, ಅನಾನಸ್ ಮಾತ್ರ ಅದನ್ನು ತಡೆದುಕೊಳ್ಳುತ್ತದೆ. ಹುಣಸೆರಸವೂ ಆಗುತ್ತದೆ, ಆದರೆ ಬಣ್ಣ ಕಂದು ತಿರುಗುತ್ತದೆ. ಹೊಳೆಯುವ ಹಳದಿ ಸಾಸ್ ಬೇಕೆಂದವರು ಅದನ್ನು ಬಿಡಿ.

ವಿನೆಗರನ್ನೂ ಪೂರ್ತಿ ಮೊದಲೇ ಸುರಿಯಬೇಡಿ. ಮುಕ್ಕಾಲು ಪಾಲು ಹಾಕಿ, ಉಳಿದದ್ದನ್ನು ಸಾಸ್ ತಣ್ಣಗಾದ ಮೇಲೆ ರುಚಿ ನೋಡಿ ಸೇರಿಸಿ. ಬಿಸಿ ಸಾಸ್‌ನ ರುಚಿಯನ್ನು ನಂಬಿ ಲೆಕ್ಕ ಹಾಕುವಂತಿಲ್ಲ. ಬಿಸಿ ಇದ್ದಾಗ ಆವಿಯ ಜೊತೆ ವಿನೆಗರ್ ಮೂಗಿಗೆ ಹೊಡೆಯುತ್ತದೆ, ಹುಳಿ ಜಾಸ್ತಿಯಾಯಿತೇನೋ ಅನ್ನಿಸುತ್ತದೆ. ಸಕ್ಕರೆ ಸುರಿಯಬೇಕು ಅನ್ನಿಸುವುದೂ ಆಗಲೇ. ಒಂದು ಪುಟ್ಟ ತಟ್ಟೆಯನ್ನು ಫ್ರಿಜ್‌ನಲ್ಲಿಟ್ಟಿರಿ. ಅದರ ಮೇಲೆ ಅರ್ಧ ಚಮಚ ಹಾಕಿ, ಒಂದು ನಿಮಿಷ ಬಿಟ್ಟು ನೋಡಿ. ಗಟ್ಟಿಯ ಹದವೂ ಗೊತ್ತಾಗುತ್ತದೆ, ರುಚಿಯೂ. ಇನ್ನೊಂದು ಮಾತು, ಚಮಚದಲ್ಲಿ ನೆಕ್ಕಿ ತೀರ್ಮಾನಿಸಬೇಡಿ, ತಿಂಡಿಯ ತುಂಡನ್ನೇ ಅದ್ದಿ ತಿನ್ನಿ. ಬರೀ ಸಾಸ್ ತಿಂದಾಗ 'ಸ್ವಲ್ಪ ಜೋರಾಯಿತು' ಅನ್ನಿಸಿದ್ದು ತಿಂಡಿಯ ಜೊತೆ ಸರಿಯಾಗಿರುತ್ತದೆ.

ಸಿಹಿಗೆ

ಇಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದು ಕಡಿಮೆ. ಬಿಳಿ ಸಕ್ಕರೆ ಹಣ್ಣಿನ ಬಣ್ಣ, ರುಚಿ ಎರಡಕ್ಕೂ ಅಡ್ಡ ಬರುವುದಿಲ್ಲ. ಕಂದು ಸಕ್ಕರೆ ಪ್ಲಮ್‌ಗೆ, ಸುಟ್ಟ ತಿಂಡಿಗೆ ಚೆನ್ನ. ಜೇನಿನಲ್ಲಿ ಫ್ರಕ್ಟೋಸ್ ಅನ್ನುವ ಸಕ್ಕರೆ ಜಾಸ್ತಿ. ಫ್ರಕ್ಟೋಸ್‌ನ ಸಿಹಿ ತಣ್ಣಗಿದ್ದಾಗ ಎದ್ದು ಕಾಣುತ್ತದೆ, ಬಿಸಿಯಾದರೆ ಇಳಿಯುತ್ತದೆ. ಹಾಗಾಗಿ ತಣ್ಣಗೆ ಬಡಿಸುವ ಹಸಿ ಸಾಸ್‌ಗೆ ಜೇನು ಹಾಕಿ, ಸಕ್ಕರೆಗಿಂತ ಸ್ವಲ್ಪ ಕಡಿಮೆ ಸಾಕು. ಒಂದು ವರ್ಷ ತುಂಬದ ಮಗು ಪಂಕ್ತಿಯಲ್ಲಿದ್ದರೆ ಜೇನು ಹಾಕಿದ್ದನ್ನು ಅದಕ್ಕೆ ನೆಕ್ಕಿಸಬೇಡಿ. ಬೊಟುಲಿಸಂ ಅನ್ನುವ, ಬ್ಯಾಕ್ಟೀರಿಯಾದಿಂದ ಬರುವ ಗಂಭೀರ ಕಾಯಿಲೆಯ ಅಪಾಯ ಇದೆ.

ಉಪ್ಪನ್ನು ಮರೆಯುವವರೇ ಜಾಸ್ತಿ. ಹಣ್ಣಿನ ಸಾಸ್‌ಗೆ ಉಪ್ಪು ಯಾಕೆ ಅಂತ ಕೇಳುತ್ತಾರೆ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಸಿಹಿಯನ್ನು ಮೇಲಕ್ಕೆತ್ತುತ್ತದೆ. ಅದಿಲ್ಲದ ಡಿಪ್, ರುಬ್ಬಿದ ಜಾಮ್ ಅಷ್ಟೇ.

ಗಟ್ಟಿ ಮಾಡುವುದು

ಬತ್ತಿಸುವುದು ಒಂದು ದಾರಿ, ಕಾರ್ನ್‌ಫ್ಲೋರ್ ಇನ್ನೊಂದು. ಬತ್ತಿಸಿದರೆ ರುಚಿ ದಟ್ಟವಾಗುತ್ತದೆ, ಆದರೆ ತಾಜಾತನ ಹೋಗುತ್ತದೆ, ಪ್ರಮಾಣವೂ ಕುಗ್ಗುತ್ತದೆ. ಪ್ಲಮ್‌ಗೆ ಇದು ಸರಿ. ಅನಾನಸ್, ಕಿತ್ತಳೆಯಂತಹ ರಸದ ಹಣ್ಣಿಗೆ ಕಾರ್ನ್‌ಫ್ಲೋರ್ ವಾಸಿ.

ಒಂದು ಕಪ್ ಅನಾನಸ್ ರಸ, ಅರ್ಧ ಕಪ್ ಸಣ್ಣಗೆ ಹೆಚ್ಚಿದ ಹಣ್ಣು, 3 ಟೇಬಲ್ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕುದಿಯಲಿ. 2 ಟೀ ಚಮಚ ಕಾರ್ನ್‌ಫ್ಲೋರನ್ನು 2 ಟೇಬಲ್ ಚಮಚ ತಣ್ಣೀರಿನಲ್ಲಿ ಕಲಸಿ. ಬಿಸಿನೀರಿನಲ್ಲಿ ಕಲಸಿದರೆ ಗಂಟು ಗ್ಯಾರಂಟಿ. ಹಾಕುವ ಮುನ್ನ ಮತ್ತೊಮ್ಮೆ ಕಲಕಿ, ಹಿಟ್ಟು ತಳಕ್ಕೆ ಕೂತಿರುತ್ತದೆ. ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸುತ್ತಿರಿ. ಮೊದಲು ಸಾಸ್ ಹಾಲು ಬೆರೆಸಿದ ಹಾಗೆ ಮಂಕಾಗುತ್ತದೆ, ಕುದಿ ಬಂದ ಮೇಲೆ ಸೌಟು ಭಾರವಾಗಿ ಆ ಮಂಕು ಕಳೆದು ಹೊಳಪು ಬರುತ್ತದೆ. ಹೊಳಪು ಬಂದರೆ ಹಿಟ್ಟಿನ ಹಸಿ ವಾಸನೆ ಹೋಯಿತು ಅಂತ. ಒಂದು ನಿಮಿಷ ಬಿಟ್ಟು ಒಲೆ ಆರಿಸಿ, ಆಮೇಲೆ 3 ಟೇಬಲ್ ಚಮಚ ವಿನೆಗರ್. ಹುಳಿಯ ಜೊತೆ ಬಹಳ ಹೊತ್ತು ಕುದಿಸಿದರೆ ಪಿಷ್ಟ ಒಡೆದು, ಗಟ್ಟಿಯಾದದ್ದು ಮತ್ತೆ ನೀರಾಗುತ್ತದೆ. ನೋಡಲು ಇನ್ನೂ ಸ್ವಲ್ಪ ತೆಳು ಅನ್ನಿಸುವಾಗಲೇ ನಿಲ್ಲಿಸಿ, ತಣ್ಣಗಾದಾಗ ಬಿಗಿಯುತ್ತದೆ.

ಮಾಡಿ ಫ್ರೀಜರ್‌ನಲ್ಲಿಡುವ ಯೋಚನೆ ಇದ್ದರೆ ಕಾರ್ನ್‌ಫ್ಲೋರ್ ಬೇಡ, ಕರಗಿಸಿದಾಗ ನೀರು ಬಿಟ್ಟು ಸ್ಪಂಜಿನಂತಾಗುತ್ತದೆ. ಮರಗೆಣಸಿನ ಪಿಷ್ಟ ಅಥವಾ ಆರೋರೂಟ್ ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಬತ್ತಿಸಿದ ಪ್ಲಮ್ ಸಾಸ್‌ಗೆ ಯಾವ ಹಿಟ್ಟೂ ಬೇಕಿಲ್ಲ, ಫ್ರೀಜರ್‌ಗೆ ಅದೇ ಎಲ್ಲಕ್ಕಿಂತ ನಿಶ್ಚಿಂತೆ.

ನಿಮ್ಮ ಕೈಯಲ್ಲಿ ಎಷ್ಟು ಸಮಯ ಇದೆ?

ಅತಿಥಿಗಳು ಬಾಗಿಲಲ್ಲಿದ್ದರೆ ಜಾಮ್. ಅರ್ಧ ಗಂಟೆ ಇದ್ದರೆ ಅನಾನಸ್. ಹಿಂದಿನ ದಿನವೇ ಮಾಡಿಡುವ ಅನುಕೂಲ ಇದ್ದರೆ ಎರಡನೇ ಮಾತಿಲ್ಲದೆ ಪ್ಲಮ್. ರಾತ್ರಿ ಕಳೆದ ಮೇಲೆ ಶುಂಠಿ, ಖಾರ, ವಿನೆಗರ್ ಒಂದರೊಳಗೊಂದು ಬೆರೆತು ಮರುದಿನ ರುಚಿ ಇನ್ನೂ ಹದವಾಗಿರುತ್ತದೆ. ಹಸಿ ಮಾವಿನದ್ದು ಮಾತ್ರ ಬಡಿಸುವ ಹೊತ್ತಿಗೇ ರುಬ್ಬಬೇಕು. ಒಂದೇ ಸಾಸ್ ಮಾಡಿ ಕರಿದದ್ದು, ಸುಟ್ಟದ್ದು, ಚೀಸ್ ಎಲ್ಲದರ ಪಕ್ಕದಲ್ಲಿಡಬೇಕು ಅಂದರೂ ನನ್ನ ಓಟು ಪ್ಲಮ್‌ಗೇ. ಚೀಸ್‌ಗಾಗಿ ಒಂದು ಬಟ್ಟಲಷ್ಟನ್ನು ವಿನೆಗರ್ ಹಾಕುವ ಮೊದಲೇ ತೆಗೆದಿಡಿ.

ಬೇಯಿಸಿದ್ದು ಶುಚಿಯಾದ ಗಾಜಿನ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ಸುಮಾರು ಒಂದು ವಾರ ಇರುತ್ತದೆ. ಹಸಿಯದ್ದು ಒಂದೆರಡು ದಿನ. ಹುಳಿ ಇದೆ ಅಂತ ಧೈರ್ಯ ಮಾಡಿ ಬಾಟಲಿಗೆ ತುಂಬಿ ಹೊರಗೆ ಕಪಾಟಿನಲ್ಲಿಡಬೇಡಿ. ಹೊರಗಿಡುವ ಪದಾರ್ಥದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿರಬೇಕು, ಜೊತೆಗೆ ಬಾಟಲಿಯನ್ನು ಸರಿಯಾಗಿ ಕುದಿಸಿ ಮುಚ್ಚಿರಬೇಕು. ಮಾಗಿದ ಮಾವು, ಪಪ್ಪಾಯಿಯ ಹುಳಿಯನ್ನು ನಾಲಿಗೆಯಲ್ಲಿ ಅಳೆದು ಇದನ್ನು ಹೇಳಲಾಗುವುದಿಲ್ಲ. ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಇದ್ದು, ಎಲ್ಲರ ಕೈಯ ತುಂಡು ಅದ್ದಿಸಿಕೊಂಡ ಬಟ್ಟಲಿನ ಸಾಸನ್ನು ಮತ್ತೆ ಡಬ್ಬಿಗೆ ಸುರಿಯಬೇಡಿ. ಸಣ್ಣ ಬಟ್ಟಲಲ್ಲಿ ಸ್ವಲ್ಪವೇ ಇಟ್ಟು, ಖಾಲಿಯಾದಂತೆ ತುಂಬಿಸಿ.